ಎರಡು ಸಲ ಅರೆದ ಪುಡಿ

ಜನವರಿ ೯

ಪ್ರೀತಿಯ ಅತ್ತೆ,

ಕ್ಷೇಮವಾಗಿ ತಲುಪಿದೆ. ಇರಲು ಕಬ್ಬಿಣದ ಡಬ್ಬಿಯಂಥ ಒಂದು ಕೋಣೆ ಕೊಟ್ಟಿದ್ದಾರೆ. ಮಂಚ ಇದೆ, ಮೇಜಿದೆ, ಕಿಟಕಿ ತೆರೆದರೆ ಎದುರಿಗೇ ಅನಿಲದ ಬಾವಿ ಕೊರೆಯುವ ರಿಗ್ಗಿನ ಗೋಪುರ. ಫೋನನ್ನು ಗೇಟಿನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ, ಅನಿಲ ಬರುವ ಜಾಗದಲ್ಲಿ ಕಿಡಿಯ ಭಯ. ಹೇಗೂ ನಿನ್ನ ಹತ್ತಿರ ಫೋನಿನಲ್ಲಿ ಮಾತಾಡಿದ್ದು ಅಷ್ಟರಲ್ಲೇ ಇದೆ. ಜೀವಮಾನವೆಲ್ಲ ಮಿಲ್ಲಿನ ಗದ್ದಲದಲ್ಲಿ ನಿಂತು ಕಿವಿಯನ್ನು ಅಲ್ಲೇ ಬಿಟ್ಟು ಬಂದವಳು ನೀನು. ಕೂಗಿ ಕೂಗಿ ನನ್ನ ಗಂಟಲು ಹೋಗುವ ಬದಲು ಕೈ ನೋಯಲಿ ಅಂತ ಬರೆಯಲು ಕೂತಿದ್ದೇನೆ.

ಅಲ್ಲಿ ನಿನ್ನ ಕೆಲಸವಾದರೂ ಏನು ಅಂತ ಕೇಳಿದ್ದೆ. ಕೆಸರು ಕಲೆಸುವುದು. ನಗಬೇಡ. ನೆಲವನ್ನು ಆಳಕ್ಕೆ ಕೊರೆಯುವಾಗ ಬಾವಿಯ ತುಂಬ ಕೆಸರು ತುಂಬಿಟ್ಟಿರುತ್ತಾರೆ. ಕೆಳಗೆ ಬಂಡೆಯೊಳಗೆ ಸಿಕ್ಕಿಕೊಂಡ ಅನಿಲ ಮೇಲೆ ನುಗ್ಗಲು ಹೊಂಚು ಹಾಕುತ್ತಿರುತ್ತದೆ. ಅದರ ತಲೆಯ ಮೇಲೆ ಕೂತು ಅದುಮಿ ಹಿಡಿಯುವುದು ಈ ಕೆಸರಿನ ಭಾರ. ಬರೀ ನೀರು ಜೇಡಿಮಣ್ಣು ಆದರೆ ಭಾರ ಸಾಲದು, ಅದಕ್ಕೇ ನಿನ್ನ ಮಿಲ್ಲಿನಲ್ಲಿ ಅರೆಯುವಂಥ ಬೆರೈಟ್ ಎಂಬ ಭಾರದ ಕಲ್ಲಿನ ಪುಡಿ ಬೆರೆಸಿ ತೂಕ ಏರಿಸುವುದು. ಹೆಚ್ಚಾದರೆ ಬಾವಿಯ ಗೋಡೆಯೇ ಸೀಳುತ್ತದೆ, ಕಡಿಮೆಯಾದರೆ ಎಲ್ಲರೂ ಹಾರಿ ಹೋಗುತ್ತೇವೆ. ನಡುವೆ ಹಗ್ಗದ ಮೇಲೆ ನಡೆಯುವವಳು ನಿನ್ನ ತಮ್ಮನ ಮಗಳು.

ಕಂಪನಿಯವರು ಹೊಸ ಮಿಲ್ಲುಗಳಿಂದ ಪುಡಿ ತರಿಸಿ ನೋಡುತ್ತಿದ್ದಾರೆ. ನಿನ್ನ ಅರ್ಜಿಯೂ ಬಂದಿದೆ. ಪರೀಕ್ಷೆ ಮಾಡಬೇಕಾದವಳು ನಾನೇ. ಇದು ನನ್ನನ್ನು ಸಾಕಿದವರ ಮಿಲ್ಲು, ಬೇರೆ ಯಾರಿಂದಾದರೂ ಮಾಡಿಸಿ ಎಂದು ನಮ್ಮ ಮುಖ್ಯಸ್ಥರಿಗೆ ಹೇಳಿದೆ. ಅವರನ್ನು ಇಲ್ಲಿ ಎಲ್ಲರೂ ದೊಡ್ಡಣ್ಣ ಎನ್ನುತ್ತಾರೆ. ಅವರು ಗಡ್ಡ ಕೆರೆದುಕೊಂಡು, "ನೀನೇ ಮಾಡಮ್ಮ. ಫೇಲ್ ಮಾಡಿದ್ರೆ ನಂಬ್ತೀನಿ. ಪಾಸ್ ಮಾಡಿದ್ರೆ ಮಾತ್ರ ನಾನೂ ಒಂದ್ಸಲ ನೋಡ್ತೀನಿ" ಎಂದರು.

ಲೋಡ್ ಕಳಿಸು. ನನಗೆ ಧೈರ್ಯವಿದೆ.

ಕೆಸರಿನಲ್ಲಿ ಮುಳುಗಿರುವ
ಗೊಣಗಿ


ಜನವರಿ ೨೧

ಗೊಣಗಿಗೆ,

ಓದಿಸಿ ಇಂಜಿನಿಯರ್ ಮಾಡಿದ್ದು ಕೆಸರು ಕಲೆಸಲಿಕ್ಕೆ ಅಂತ ಗೊತ್ತಿದ್ದರೆ ಅಂಗಳದಲ್ಲೇ ಬಿಡುತ್ತಿದ್ದೆ, ಚಿಕ್ಕವಳಿದ್ದಾಗ ನೀನು ಅಲ್ಲಿ ಅದನ್ನೇ ಮಾಡುತ್ತಿದ್ದೆ. ನನ್ನ ತಮ್ಮ ನಿನ್ನನ್ನು ನನ್ನ ಮಡಿಲಿಗೆ ಹಾಕಿ ಕಣ್ಣು ಮುಚ್ಚಿದಾಗ ಅರ್ಧ ಮೂಟೆ ಪುಡಿಯಷ್ಟೂ ತೂಗುತ್ತಿರಲಿಲ್ಲ ನೀನು. ಈಗ ಭೂಮಿಯನ್ನೇ ಅದುಮಿ ಹಿಡಿಯುತ್ತೀಯಂತೆ. ಆಗಲಿ.

ಇಲ್ಲಿಯ ಸುದ್ದಿ ಅಷ್ಟೇನೂ ಚೆನ್ನಾಗಿಲ್ಲ. ಬಣ್ಣದ ಕಾರ್ಖಾನೆಯವರು ನಮ್ಮ ಪುಡಿ ಬಿಟ್ಟು ಅಗ್ಗದ ಸುಣ್ಣಕಲ್ಲಿನ ಪುಡಿಗೆ ತಿರುಗಿಕೊಂಡರು. ಇಷ್ಟು ವರ್ಷ "ನಿಮ್ಮ ಪುಡಿ ಕೆನ್ನೆಗೆ ಹಚ್ಚಿದರೂ ಗೊತ್ತಾಗಲ್ಲ" ಅಂತ ಹೊಗಳಿದ ಬಾಯಿ ಈಗ ಫೋನೇ ಎತ್ತುವುದಿಲ್ಲ ಎನ್ನುತ್ತಾನೆ ಮೇಸ್ತ್ರಿ. ಮೂರು ಮಿಲ್ಲಿನಲ್ಲಿ ಎರಡು ನಿಂತಿವೆ. ಮೂರನೆಯದೂ ನಿಂತರೆ ಬೀಗ ಹಾಕಿ ಮನೆಗೆ ಹೋಗುವುದೇ. ಆಮೇಲೆ ನಾನು ಏನು ಮಾಡುವುದು, ಕಿಟಕಿಯಲ್ಲಿ ಕೂತು ದಾರಿ ನೋಡುವುದೇ? ನನ್ನಿಂದ ಆಗದು. ಆದ್ದರಿಂದ ನಿಮ್ಮ ಕಂಪನಿ ನಮ್ಮ ಪುಡಿಯನ್ನು ಒಪ್ಪಲೇಬೇಕು.

ಲಾರಿ ಇವತ್ತು ಹೊರಟಿತು. ಎಂದಿನ ಪುಡಿಯಲ್ಲ. ನಿನ್ನ ಕೈಗೆ ಹೋಗುವುದೆಂದು ಪೂರ್ತಿ ಲೋಡನ್ನು ಎರಡು ಸಲ ಅರೆಸಿದ್ದೇನೆ. ಮೇಸ್ತ್ರಿ ಕರೆಂಟಿನ ಬಿಲ್ಲು ಅಂತ ಗೋಳಾಡಿದ. ಸುಮ್ಮನಿರಯ್ಯ, ನಮ್ಮ ಹುಡುಗಿ ನಾಲ್ಕು ಜನರ ಎದುರಿಗೆ ಮೂಟೆ ಬಿಚ್ಚುತ್ತಾಳೆ ಎಂದೆ. ಬೆರಳ ನಡುವೆ ಉಜ್ಜಿ ನೋಡು, ಗಾಳಿ ಮುಟ್ಟಿದ ಹಾಗಿರುತ್ತದೆ.

ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನನ್ನು ಸಾಕಿದ ತಪ್ಪಿಗೆ ಇಷ್ಟುದ್ದ ಬರೆದ
ಅತ್ತೆ


ಜನವರಿ ೨೭

ಪ್ರೀತಿಯ ಅತ್ತೆ,

ಲಾರಿ ಬಂತು. ನಿನ್ನ ಪತ್ರ ಇನ್ನೂ ಬಂದಿಲ್ಲ. ಹೇಗೆ ಶುರು ಮಾಡಲಿ ಅಂತ ಬೆಳಗಿನಿಂದ ಪೆನ್ನು ಕಚ್ಚುತ್ತ ಕೂತಿದ್ದೇನೆ. ನೇರವಾಗಿ ಹೇಳುತ್ತೇನೆ. ಲೋಡನ್ನು ಫೇಲ್ ಮಾಡಿದೆ.

ಕಲ್ಲಿನಲ್ಲಿ ತಪ್ಪಿಲ್ಲ. ತೂಕ ಎಷ್ಟು ಬೇಕೋ ಅದಕ್ಕಿಂತ ಒಂದು ಗುಲಗಂಜಿ ಮೇಲೇ ಇದೆ. ಕಲಬೆರಕೆ ಎಳ್ಳಷ್ಟೂ ಇಲ್ಲ. ತಪ್ಪಿರುವುದು ನುಣುಪಿನಲ್ಲಿ. ತೀರಾ ನುಣ್ಣಗಾದ ಪುಡಿ ಕೆಸರಿಗೆ ಬಿದ್ದರೆ ನೀರನ್ನೆಲ್ಲ ತಾನೇ ಹಿಡಿದುಕೊಳ್ಳುತ್ತದೆ. ತೂಕ ಏರುವ ಮೊದಲೇ ಕೆಸರು ಗೋಂದಿನ ಹಾಗೆ ಮಂದವಾಗುತ್ತದೆ. ನಾನು ಬಕೆಟ್ಟಿನಲ್ಲಿ ಕಲೆಸಿ ಆಲಿಕೆಯಲ್ಲಿ ಸುರಿದರೆ ಕೆಳಗೆ ಇಳಿಯಲೇ ಇಲ್ಲ, ಹಟ ಮಾಡುವ ಮಗುವಿನ ಹಾಗೆ ಅಲ್ಲೇ ಕೂತಿತು. ಇಂಥದ್ದನ್ನು ಬಾವಿಗೆ ಹಾಕಿದರೆ ಪಂಪು ತಳ್ಳಲಾರದು. ನಾನು ಮತ್ತೆ ಮತ್ತೆ ಮಾಡಿ ನೋಡಿದೆ, ಅತ್ತೆ. ಪ್ರತಿ ಸಲವೂ ಅದೇ ಫಲ.

ಸ್ವಲ್ಪ ತರಿಯಾಗಿ ಅರೆದರೆ ಸಾಕು. ಇನ್ನೊಂದು ಲೋಡಿಗೆ ಅವಕಾಶ ಕೊಡುತ್ತಾರೆ, ಕೇಳಿ ಇಟ್ಟಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಇಷ್ಟು ಬರೆದು ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಪತ್ರ ಕೊಟ್ಟರು. ಎರಡು ಸಲ ಅರೆಸಿದ್ದೀಯ. ಯಾಕತ್ತೆ ಹಾಗೆ ಮಾಡಿದೆ? ಒಂದೇ ಸಲ ಅರೆದದ್ದಾಗಿದ್ದರೆ ಬಹುಶಃ ಪಾಸಾಗುತ್ತಿತ್ತು.

ಗೊಣಗಿ


ಫೆಬ್ರವರಿ ೪

ಇಂಜಿನಿಯರ್ ಮೇಡಂ ಅವರಿಗೆ,

ತಾವು ವಾಪಸು ಕಳಿಸಿದ ಲೋಡ್ ತಲುಪಿತು. ಮೂಟೆಗಳನ್ನು ಇಳಿಸುವಾಗ ಕೆಲಸದವರೆಲ್ಲ ನನ್ನ ಮುಖ ನೋಡುತ್ತಿದ್ದರು. ನುಣುಪು ಹೆಚ್ಚಾಯಿತೆಂದು ಪುಡಿಯನ್ನು ವಾಪಸು ಕಳಿಸಿದ್ದನ್ನು ನಾನು ಈ ಕಸುಬಿಗೆ ಇಳಿದ ಮೇಲೆ ಇದೇ ಮೊದಲ ಸಲ ನೋಡುವುದು.

ಇನ್ನೊಂದು ಲೋಡ್ ಕಳಿಸುವ ಆಲೋಚನೆ ಸದ್ಯಕ್ಕಿಲ್ಲ. ಪತ್ರ ಬರೆಯುವ ತೊಂದರೆಯನ್ನೂ ತಾವು ತೆಗೆದುಕೊಳ್ಳುವುದು ಬೇಡ.

ಮಿಲ್ಲಿನ ಮಾಲೀಕಳು


ಮಾರ್ಚ್ ೩

ಅತ್ತೆ,

ನೀನು ಬೇಡ ಅಂದರೂ ಬರೆಯುತ್ತೇನೆ. ಮೊನ್ನೆ ಬರೆದ ಪತ್ರಕ್ಕೂ ಅದರ ಹಿಂದಿನದಕ್ಕೂ ಉತ್ತರ ಬರಲಿಲ್ಲ. ಅಂಚೆಯವನ ಚೀಲವನ್ನು ನಾನೇ ಕೆದಕಿ ನೋಡುತ್ತೇನೆ, ಅವನು ಬೈಯುತ್ತಾನೆ.

ಒಂದು ಮಾತು ಕೇಳು. ಅವತ್ತು ಪಾಸ್ ಎಂದು ಬರೆದುಬಿಡಲು ನನಗೂ ಮನಸ್ಸಾಗಿತ್ತು. ಸಹಿ ಹಾಕಲು ಎಷ್ಟು ಹೊತ್ತು? ಆದರೆ ಇಲ್ಲಿ ಗೋಪುರದ ಕೆಳಗೆ ಓಡಾಡುವವರಿಗೆ ಕೆಸರನ್ನು ನೋಡಿ ತಿಳಿಯುವುದಿಲ್ಲ, ನನ್ನ ಮಾತನ್ನು ನಂಬಿ ನಿಂತಿರುತ್ತಾರೆ. ಸುಳ್ಳು ಹೇಳಿದರೆ ನಿನ್ನ ಕೈಯಲ್ಲಿ ಬೆಳೆದ ಹುಡುಗಿ ಹೇಗಾಗುತ್ತೇನೆ?

ಬೈದಾದರೂ ಬರೆ. ನೀನು ಬೈಯದೆ ಊಟ ಸೇರುವುದಿಲ್ಲ.

ಗೊಣಗಿ


ಮಾರ್ಚ್ ೧೨

ಚಿಕ್ಕ ಯಜಮಾನಿಯವರಿಗೆ ಮಿಲ್ಲಿನ ಮೇಸ್ತ್ರಿಯ ನಮಸ್ಕಾರಗಳು.

ನಾನು ಬರೆದದ್ದು ಯಜಮಾನಿಯವರಿಗೆ ತಿಳಿದರೆ ನನ್ನನ್ನೇ ಮಿಲ್ಲಿಗೆ ಹಾಕಿ ಅರೆಯುತ್ತಾರೆ. ಆದರೂ ಬರೆಯುತ್ತಿದ್ದೇನೆ. ನಿಮ್ಮ ಪತ್ರಗಳೆಲ್ಲ ಅವರ ದಿಂಬಿನ ಕೆಳಗಿವೆ. ಓದಿಲ್ಲ ಎನ್ನುತ್ತಾರೆ. ಓದಿ ಓದಿ ಮಡಿಕೆಯಲ್ಲಿ ಹರಿದಿವೆ.

ವಾಪಸು ಬಂದ ಮೂಟೆಗಳನ್ನು ನೋಡಿ ನಾನು ಹೋಗಲಿ ಬಿಡಿ, ಅವರಿಗೇನು ಗೊತ್ತು ನಮ್ಮ ಪುಡಿಯ ಬೆಲೆ ಎಂದೆ. "ಅವಳಿಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತೋ, ಬಾಯ್ಮುಚ್ಚು" ಎಂದರು. ನಿಮ್ಮನ್ನು ಅವರೊಬ್ಬರೇ ಬೈಯಬಹುದು, ಬೇರೆಯವರು ಬೈಯುವ ಹಾಗಿಲ್ಲ.

ಈಗ ಏನು ನಡೆದಿದೆ ಎಂದರೆ, ಅಡುಗೆಮನೆ ತುಂಬ ಕೆಸರು. ಬಕೆಟ್ಟುಗಳನ್ನು ಸಾಲಾಗಿಟ್ಟು ಜೇಡಿ ನೀರು ಕಲೆಸಿ ಒಂದೊಂದರಲ್ಲಿ ಒಂದೊಂದು ಬಗೆಯ ಪುಡಿ ಹಾಕಿ, ಸೀಮೆಎಣ್ಣೆ ಆಲಿಕೆಯಲ್ಲಿ ಸುರಿದು ಸುರಿದು ನೋಡುತ್ತಾರೆ. ಒಲೆ ಹಚ್ಚಲು ಜಾಗವಿಲ್ಲ, ಊಟ ನಮ್ಮ ಮನೆಯಿಂದ ಹೋಗುತ್ತಿದೆ. ಕೇಳಿದರೆ ಕಣ್ಣು ಕೆಂಪಗೆ ಮಾಡುತ್ತಾರೆ. ಉಳಿದಿದ್ದ ಒಂದು ಮಿಲ್ಲೂ ಈಗ ಅರ್ಧ ವಾರ ಮಾತ್ರ ಓಡುತ್ತಿದೆ. ಬೇಗ ಏನಾದರೂ ಆಗದಿದ್ದರೆ ಬೀಗ ಖಂಡಿತ.

ನಿಮ್ಮ ವಿಧೇಯ
ಮೇಸ್ತ್ರಿ


ಮಾರ್ಚ್ ೧೯

ಪ್ರೀತಿಯ ಅತ್ತೆ,

ಇದರ ಜೊತೆ ಒಂದು ಪಾರ್ಸೆಲ್ ಇದೆ. ಅದರಲ್ಲಿ ನಾವು ಬಳಸುವಂಥದೇ ಒಂದು ಆಲಿಕೆ, ಕೆಸರು ತೂಗುವ ಒಂದು ತಕ್ಕಡಿ. ಕೇಳಿದ ಯಾವ ಮಿಲ್ಲಿಗಾದರೂ ಕಂಪನಿ ಕೊಡುತ್ತದೆ, ದೊಡ್ಡಣ್ಣನಿಗೆ ಹೇಳಿಯೇ ಕಳಿಸಿದ್ದೇನೆ. ನೀನು ಕೇಳಲಿಲ್ಲ, ನಿನ್ನ ಪರವಾಗಿ ನಾನು ಕೇಳಿದೆ. ಸೀಮೆಎಣ್ಣೆ ಆಲಿಕೆಯ ಬಾಯಿ ದೊಡ್ಡದು, ಅದರಲ್ಲಿ ಎಲ್ಲವೂ ಇಳಿದುಬಿಡುತ್ತದೆ.

ನನಗೆ ಹೇಗೆ ತಿಳಿಯಿತೆಂದು ಕೇಳಬೇಡ, ಯಾರನ್ನೂ ಬೈಯಬೇಡ.

ಗೊಣಗಿ


ಮಾರ್ಚ್ ೩೦

ಗೊಣಗಿಗೆ,

ಮೇಸ್ತ್ರಿಯನ್ನು ಬೈದಾಯಿತು. ಅವನಿಗೇನೂ ಆಗಿಲ್ಲ, ಎಮ್ಮೆಯ ಚರ್ಮ.

ನಿನ್ನ ಆಲಿಕೆ ಬಂತು. ನಾನು ಎರಡು ಸಲ ಅರೆದದ್ದನ್ನು ಅದರಲ್ಲಿ ಸುರಿದು ಸ್ಟೂಲು ಹಾಕಿಕೊಂಡು ಕೂತೆ. ನಿಜ, ಇಳಿಯಲಿಲ್ಲ. ಕಣ್ಣಾರೆ ನೋಡಿದ ಮೇಲೆ ವಾದ ಮಾಡುವವಳಲ್ಲ ನಾನು. ಆದರೆ ಹೊಟ್ಟೆ ಉರಿಯಿತು, ಅದನ್ನೂ ಹೇಳಿಬಿಡುತ್ತೇನೆ. ನುಣುಪು ನುಣುಪು ಅಂತ ಕೈ ಸವೆಸಿಕೊಂಡೆನಲ್ಲ.

ನಿನಗೆ ತರಿ ಬೇಕು ತಾನೆ? ತಗೋ ತರಿ. ಡಬ್ಬಿಯಲ್ಲಿ ಸ್ಯಾಂಪಲ್ ಇದೆ. ಸರಾಗವಾಗಿ ಇಳಿಯುತ್ತದೆ, ನೋಡು.

ಅತ್ತೆ


ಏಪ್ರಿಲ್ ೭

ಪ್ರೀತಿಯ ಅತ್ತೆ,

ನಿನ್ನ ಅಕ್ಷರ ನೋಡಿ ಕುಣಿದಾಡಿದೆ. ನೀನು ಕಳಿಸಿದ್ದು ಪುಡಿಯಲ್ಲ, ಜಲ್ಲಿ. ಆಲಿಕೆಯಲ್ಲಿ ಇಳಿಯಿತು, ನಿಜ. ಒಂದು ರಾತ್ರಿ ಹಾಗೇ ಇಟ್ಟರೆ ಮೇಲೆ ಬರೀ ನೀರು, ಕೆಳಗೆ ಕಲ್ಲಿನಂತೆ ಕಚ್ಚಿಕೊಂಡ ತಳ. ಬಾವಿಯಲ್ಲಿ ಹೀಗಾದರೆ ಭಾರವೆಲ್ಲ ಅಡಿಯಲ್ಲಿ, ಮೇಲೆ ಹಿಡಿಯುವವರೇ ಇಲ್ಲ.

ಕೋಪದಲ್ಲಿ ಅರೆಸಿದ್ದು ಅಂತ ಮುಟ್ಟಿದರೇ ತಿಳಿಯುತ್ತದೆ. ನುಣ್ಣಗೂ ಅಲ್ಲ, ತರಿಯೂ ಅಲ್ಲ, ನಡುವಿನದು ಬೇಕು. ಹೇಗೆ ಮಾಡುವುದೆಂದು ಹೇಳಲು ನನಗೆ ಬರುವುದಿಲ್ಲ. ಏನು ಬೇಕು ಅಂತ ಮಾತ್ರ ಗೊತ್ತು. ಮಾಡುವವಳು ನೀನೇ.

ಗೊಣಗಿ


ಏಪ್ರಿಲ್ ೨೮

ಗೊಣಗಿಗೆ,

ಸಿಕ್ಕಿತು.

ಕಲ್ಲಿನದಲ್ಲ ತಪ್ಪು, ಅರೆಯುವ ಗಾಲಿಯದೂ ಅಲ್ಲ. ಆದ ಪುಡಿಯನ್ನು ನಾವು ಮಿಲ್ಲಿನೊಳಗೇ ಕೂಡಿಹಾಕುತ್ತಿದ್ದೆವು. ಆದದ್ದೇ ಮತ್ತೆ ಅರೆಯಿಸಿಕೊಂಡು ಮತ್ತೆ ಅರೆಯಿಸಿಕೊಂಡು ಹೊಗೆಯಂತಾಗುತ್ತಿತ್ತು. ಬಣ್ಣದವರಿಗೆ ಅದೇ ಬೇಕಿತ್ತು, ನಿನಗೆ ಬೇಡ. ಬ್ಲೋವರಿನ ಗಾಳಿ ಏರಿಸಿ, ಹದಕ್ಕೆ ಬಂದ ಪುಡಿ ಬಂದ ಕೂಡಲೇ ಹೊರಗೆ ಹಾರಿ ಬೀಳುವ ಹಾಗೆ ಮಾಡಿದೆ. ತರಿ ಮಾತ್ರ ಒಳಗೇ ಉಳಿದು ಅರೆಯಿಸಿಕೊಳ್ಳುತ್ತದೆ. ಗಾಳಿ ಎಷ್ಟಿರಬೇಕು ಅಂತ ಮೇಸ್ತ್ರಿಗೂ ನನಗೂ ದಿನವಿಡೀ ಜಗಳ. ಅವನು ಕೂಗುತ್ತಾನೆ, ನನಗೆ ಕೇಳುವುದಿಲ್ಲ, ಹಾಗಾಗಿ ಗೆದ್ದವಳು ನಾನೇ. ಕೊನೆಗೆ ನೋಡಿದರೆ ಅವನು ಹೇಳಿದಷ್ಟೇ ಗಾಳಿ ಸರಿಯಾಗಿತ್ತು. ಅವನಿಗೆ ಹೇಳಬೇಡ.

ಆಲಿಕೆಯಲ್ಲಿ ಇಳಿಯಿತು. ರಾತ್ರಿಯಿಡೀ ಇಟ್ಟರೂ ತಳ ಹಿಡಿಯಲಿಲ್ಲ. ಲಾರಿ ನಾಳೆ ಹೊರಡುತ್ತದೆ. ಈ ಸಲ ಒಂದೇ ಸಲ ಅರೆದಿದ್ದೇನೆ, ನಿನ್ನ ಮೇಲೆ ಪ್ರೀತಿ ಕಡಿಮೆಯಾಯಿತು ಅಂದುಕೊಳ್ಳಬೇಡ.

ಅತ್ತೆ


ಮೇ ೮

ಪ್ರೀತಿಯ ಅತ್ತೆ,

ಪಾಸ್! ದೊಡ್ಡಣ್ಣ ಹೇಳಿದ ಹಾಗೆ ತಾವೂ ಮಾಡಿ ನೋಡಿದರು, ಬೇರೆ ರಿಗ್ಗಿನವರಿಂದಲೂ ಮಾಡಿಸಿದರು. ಎಲ್ಲರದೂ ಒಂದೇ ಉತ್ತರ.

ಒಂದು ಬೇಸರದ ಮಾತೂ ಇದೆ. ಸದ್ಯಕ್ಕೆ ಈ ಲೋಡನ್ನು ಶೆಡ್ಡಿನಲ್ಲಿ ಇಟ್ಟುಕೊಳ್ಳುತ್ತಾರಷ್ಟೇ. ದಿನದ ಬಳಕೆಗೆ ಬೇರೊಂದು ದೊಡ್ಡ ಕಂಪನಿಯ ಪುಡಿಯೇ, ಅದು ಸೈಲೋ ಎನ್ನುವ ಎತ್ತರದ ಕಬ್ಬಿಣದ ಕಣಜದಲ್ಲಿ ತುಂಬಿದೆ. ಸಣ್ಣ ಮಿಲ್ಲಿನ ಪುಡಿ ಕಷ್ಟಕಾಲದಲ್ಲಿ ಹೇಗಿರುತ್ತದೋ ಎಂದು ಮೇಲಿನವರಿಗೆ ಅನುಮಾನ. ಸ್ವಲ್ಪ ತಾಳು. ಬೀಗ ಮಾತ್ರ ಹಾಕಬೇಡ.

ಗೊಣಗಿ


ಜೂನ್ ೧೭

ನನ್ನ ಅತ್ತೆಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ಮೊದಲೇ ಹೇಳಿಬಿಡುತ್ತೇನೆ, ನನಗೇನೂ ಆಗಿಲ್ಲ. ಯಾರಿಗೂ ಏನೂ ಆಗಿಲ್ಲ.

ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ತೊಟ್ಟಿಯಲ್ಲಿ ಕೆಸರಿನ ಮಟ್ಟ ತಾನಾಗಿ ಏರುತ್ತಿದೆ ಎಂದು ಒಬ್ಬ ಓಡಿಬಂದ. ಏರುತ್ತಿದೆ ಎಂದರೆ ಕೆಳಗೆ ಅನಿಲ ಒಳಗೆ ನುಗ್ಗಿ ಕೆಸರನ್ನು ಮೇಲಕ್ಕೆ ತಳ್ಳುತ್ತಿದೆ ಎಂದರ್ಥ. ಸೈರನ್ ಕೂಗಿತು. ಬಾವಿಯ ಬಾಯನ್ನು ದೊಡ್ಡ ಕವಾಟದಿಂದ ಮುಚ್ಚಿದರು. ಮುಚ್ಚಿದರೆ ಮುಗಿಯಲಿಲ್ಲ, ಒಳಗೆ ಒತ್ತಡ ಏರುತ್ತಲೇ ಇತ್ತು. ಭಾರದ ಕೆಸರು ಮಾಡಿ ಕೆಳಗೆ ಕಳಿಸಿ ಅನಿಲವನ್ನು ಹೊರಗೆ ಹಾಕಬೇಕು. ಎಷ್ಟು ಭಾರ ಬೇಕೆಂದು ಲೆಕ್ಕ ಹಾಕಿ ಕೊಟ್ಟೆ. ಸೈಲೋ ತೆರೆದರು. ಪುಡಿ ಬರಲಿಲ್ಲ. ಕೊಳವೆ ಒಳಗೇ ಕಟ್ಟಿಕೊಂಡಿತ್ತು. ಸುತ್ತಿಗೆಯಲ್ಲಿ ಬಡಿದರು, ಗಾಳಿ ಊದಿದರು, ಊಹೂಂ.

ದೊಡ್ಡಣ್ಣ ನನ್ನ ಕಡೆ ತಿರುಗಿದರು. ಶೆಡ್ಡಿನಲ್ಲಿರುವುದನ್ನು ಹಾಕೋಣ ಎಂದೆ.

"ಅಷ್ಟೊಂದು ಒಟ್ಟಿಗೆ ಹಾಕಿದ್ರೆ ಮಂದ ಆಗಲ್ವೇನಮ್ಮ? ಪಂಪು ನಿಂತ್ರೆ ಕತೆ ಮುಗೀತು."

"ಆಗಲ್ಲ. ನಾನು ಹೇಳ್ತಿದೀನಲ್ಲ."

ಅವರು ಮತ್ತೊಂದು ಮಾತು ಕೇಳಲಿಲ್ಲ. ಮೂಟೆ ಹೊರಲು ಎಲ್ಲರೂ ಬಂದರು. ಅಡುಗೆಯವನು ಬಂದ, ಗೇಟಿನ ಕಾವಲುಗಾರ ಬಂದ, ಪತ್ರ ಹಂಚಲು ಬಂದಿದ್ದ ಅಂಚೆಯವನೂ ಸೈಕಲ್ ಬಿಸಾಡಿ ಹೆಗಲು ಕೊಟ್ಟ. ಮೂಟೆ ಸೀಳುವುದು, ಸುರಿಯುವುದು, ಸೀಳುವುದು, ಸುರಿಯುವುದು. ನಾನು ತೂಗುತ್ತ ನಿಂತೆ. ತೂಕ ಏರಿತು. ಆಲಿಕೆಗೆ ಸುರಿದೆ, ಇಳಿಯಿತು. ಇನ್ನಷ್ಟು ಹಾಕಿದರು, ಮತ್ತೆ ಏರಿತು, ಮತ್ತೆ ಇಳಿಯಿತು. ಪಂಪು ಒಮ್ಮೆಯೂ ತಿಣುಕದೆ ಎಳೆಯಿತು. ದೂರದ ಕೊಳವೆಯ ತುದಿಯಲ್ಲಿ ನಾವೇ ಸುಡಲು ಹೊರಬಿಟ್ಟ ಅನಿಲ ಭುಗಿಲೆಂದು ಉರಿಯುತ್ತಿತ್ತು, ನಮ್ಮ ಮುಖದವರೆಗೂ ಝಳ.

ಹೊತ್ತು ಇಳಿಯುತ್ತಿದ್ದಂತೆ ಬೆಂಕಿ ಸಣ್ಣದಾಯಿತು. ಮಾಪಕದ ಮುಳ್ಳು ಕೆಳಗಿಳಿಯತೊಡಗಿತು. ಇಳಿದು ಇಳಿದು ಸೊನ್ನೆಗೆ ಬಂತು. ಕವಾಟ ತೆರೆಯಿರಿ ಎಂದರು ದೊಡ್ಡಣ್ಣ. ತೆರೆದರು. ನಾವೆಲ್ಲ ಬಗ್ಗಿ ನೋಡಿದೆವು. ಕೆಸರು ಅಲುಗಾಡದೆ ನಿಂತಿತ್ತು. ಒಂದು ಗುಳ್ಳೆಯೂ ಏಳಲಿಲ್ಲ.

ಆಮೇಲೆ ಅಡುಗೆಯವನು ಶಿಳ್ಳೆ ಹಾಕಿದ ನೋಡು, ಒಬ್ಬರನ್ನೊಬ್ಬರು ಎತ್ತಿ ಕುಣಿದೆವು, ತಲೆಯಿಂದ ಕಾಲಿನವರೆಗೆ ಬಿಳಿ ಬಳಿದುಕೊಂಡು, ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗೆ. ಯಾವತ್ತೂ ಮಾತೇ ಆಡದ, ಬಾವಿ ಕೊರೆಯುವ ಡ್ರಿಲ್ಲರ್ ಬಂದು ಇದು ಯಾರ ಪುಡಿ ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಣ್ಣನೇ ಎಲ್ಲರಿಗೂ ಕೇಳುವ ಹಾಗೆ, "ಅವಳತ್ತೆದು ಕಣ್ರೋ" ಎಂದರು. ನಾನು ಅಲ್ಲೇ ಖಾಲಿ ಮೂಟೆಗಳ ಮೇಲೆ ಕೂತು ಅತ್ತುಬಿಟ್ಟೆ, ಅತ್ತೆ. ಸಂತೋಷಕ್ಕೇ.

ಇವತ್ತು ಬೆಳಿಗ್ಗೆ ಮೇಲಿನವರು ಬಂದಿದ್ದರು. ಇನ್ನು ಮುಂದೆ ಎಲ್ಲ ರಿಗ್ಗುಗಳಿಗೂ ನಿನ್ನ ಪುಡಿ. ಆರ್ಡರ್ ಬೇರೆ ಲಕೋಟೆಯಲ್ಲಿ ಬರುತ್ತದೆ. ಮೂರೂ ಮಿಲ್ಲುಗಳಿಗೆ ಎಣ್ಣೆ ಹಾಕಿಸು.

ನಿನ್ನ ಪುಡಿಯನ್ನು ಇನ್ನೂ ಕೂದಲಿನಿಂದ ತೊಳೆಯುತ್ತಿರುವ
ಗೊಣಗಿ


ಜೂನ್ ೨೯

ನನ್ನ ಬಂಗಾರಿಗೆ,

ಮೂರೂ ಓಡುತ್ತಿವೆ. ಕೆಲಸ ಬಿಟ್ಟುಹೋದವರೆಲ್ಲ ವಾಪಸು ಬಂದರು, ಬಂದವರು ಅಣ್ಣ ತಮ್ಮಂದಿರನ್ನೂ ಕರೆತಂದರು. ನಿನ್ನ ಪತ್ರವನ್ನು ಮೇಸ್ತ್ರಿ ಕಲ್ಲಿನ ರಾಶಿ ಹತ್ತಿ ಎಲ್ಲರಿಗೂ ಓದಿ ಹೇಳಿದ. ಸೈಲೋ ಕಟ್ಟಿಕೊಂಡ ಭಾಗಕ್ಕೆ ಬಂದಾಗ ಬೇಕೆಂದೇ ಓದು ನಿಲ್ಲಿಸಿ ನೀರು ಕುಡಿದ, ಎಲ್ಲರೂ ಅವನನ್ನು ಹೊಡೆಯಲು ಹೋದರು. ಕೊನೆಗೆ ಅವರೆಲ್ಲ ಟೋಪಿ ಎಸೆದು ಕುಣಿದದ್ದನ್ನು ನೀನು ನೋಡಬೇಕಿತ್ತು. ನಾನೂ ಕುಣಿದೆ. ಸೊಂಟ ಹಿಡಿದುಕೊಂಡಿದೆ, ಇರಲಿ. ಬಣ್ಣದ ಕಾರ್ಖಾನೆಯವನು ಮೊನ್ನೆ ತಾನಾಗಿ ಬಂದಿದ್ದ. ಕೊಡಲು ಪುಡಿ ಉಳಿದಿಲ್ಲ, ಮುಂದಿನ ವರ್ಷ ನೋಡೋಣ ಅಂತ ಚಹಾ ಕುಡಿಸಿ ಕಳಿಸಿದೆ. ಎಂಥ ಸುಖ ಗೊತ್ತೇನೆ!

ಎಲ್ಲರೂ ಹೋದ ಮೇಲೆ ಒಬ್ಬಳೇ ಕೂತು ಪತ್ರವನ್ನು ಮತ್ತೆ ಓದಿದೆ. ಆಗ ಒಂದು ವಿಷಯ ಹೊಳೆಯಿತು. ಜನವರಿಯಲ್ಲಿ ನೀನು ನನ್ನ ಮುಖ ನೋಡಿ ಪಾಸ್ ಮಾಡಿದ್ದರೆ ಮೊನ್ನೆ ಆ ಶೆಡ್ಡಿನಲ್ಲಿ ಆ ಲೋಡೇ ಇರುತ್ತಿತ್ತು. ಅದನ್ನೇ ಸುರಿಯುತ್ತಿದ್ದಿರಿ. ಕೆಸರು ಗೋಂದಾಗಿ ಪಂಪು ನಿಲ್ಲುತ್ತಿತ್ತು, ಅದರ ಪಕ್ಕದಲ್ಲಿ ತಕ್ಕಡಿ ಹಿಡಿದು ನೀನು ನಿಂತಿರುತ್ತಿದ್ದೆ. ನಿನಗೆಂದೇ ಎರಡು ಸಲ ಅರೆಸಿದ ಪುಡಿ ಅದು.

ನೀನು ಬೇಡ ಅಂದೆ. ನಾನು ಮಾತು ಬಿಟ್ಟರೂ ಬೇಡ ಅಂದೆ. ಅದಕ್ಕೇ ಇವತ್ತು ನನಗೆ ನೀನೂ ಇದ್ದೀಯ, ಮಿಲ್ಲೂ ಇದೆ. ಇದನ್ನು ನಾನು ಎದುರಿಗೆ ಹೇಳುವವಳಲ್ಲ, ಆದ್ದರಿಂದ ಚೆನ್ನಾಗಿ ಓದಿಕೋ. ನನ್ನ ಜನ್ಮದಲ್ಲಿ ನನಗೆ ಇಷ್ಟು ಹೆಮ್ಮೆ ಆಗಿರಲಿಲ್ಲ.

ನಾಳೆ ಲಾರಿಗಳು ಹೊರಡುತ್ತವೆ. ಒಂದೊಂದರಿಂದಲೂ ಮೂಟೆ ಎಳೆಸಿ ಬಿಚ್ಚಿ ನೋಡು. ಒಂದಿಷ್ಟು ತಪ್ಪಿದ್ದರೂ ಫೇಲ್ ಮಾಡು, ವಾಪಸು ಕಳಿಸು, ನನ್ನ ಮುಲಾಜು ಇಟ್ಟುಕೊಳ್ಳಬೇಡ. ತಪ್ಪಿರುವುದಿಲ್ಲ. ಆದರೂ ನೋಡು.

ಮೂರು ಮಿಲ್ಲುಗಳ ಯಜಮಾನಿ,
ನಿನ್ನ ಅತ್ತೆ